ಶಾಲೆ ಬಿಟ್ಟ ಕಾರಣ

ನಮ್ಮ ಕಡೆಯ ಹಳೆಯ ಪ್ರಾಥಮಿಕ ಶಾಲೆಗಳಲ್ಲಿ 'ಜನರಲ್ ರಜಿಸ್ಟರ್' ಎಂದು ಕರೆಯಲಾಗುವ ದಪ್ಪ ರಟ್ಟಿನ ದೊಡ್ಡ ಪುಸ್ತಕವೊಂದು ಇರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಶಾಲೆಗೆ ಸೇರಿದ ದಿನ, ಶಾಲೆ ಬಿಟ್ಟ ದಿನ, ಬಿಡುವಾಗ ಓದುತ್ತಿದ್ದ ಇಯತ್ತೆ ಇವೆಲ್ಲ ಅದರಲ್ಲಿ ಸಾಲಾಗಿ ನಮೂದಾಗಿರುತ್ತವೆ. ಪುಟದ ಕೊನೆಯ ಕಡೆಗೆ ಇಕ್ಕಟ್ಟಾದ ಒಂದು ಅಂಕಣ. ಅದರ ತಲೆಯ ಮೇಲೆ 'ಶಾಲೆ ಬಿಟ್ಟ ಕಾರಣ' ಎಂದು ಬರೆದಿರುತ್ತದೆ. ಕೆಳಗೆ ಹೆಚ್ಚಾಗಿ ಕಾಣುವುದು ಒಂದೊಂದೇ ಶಬ್ದ: 'ಪಾಸು', 'ಪರಊರಿಗೆ', 'ಗೈರುಹಾಜರಿ'.

ಈ 'ಗೈರುಹಾಜರಿ' ಎಂಬ ಶಬ್ದವನ್ನು ಕಂಡಾಗಲೆಲ್ಲ ನನ್ನನ್ನು ಒಂದು ವಿಚಾರ ಕಾಡುತ್ತದೆ. ಗೈರುಹಾಜರಿಯು ಶಾಲೆ ಬಿಟ್ಟುದರ ಕಾರಣವಲ್ಲ. ಶಾಲೆ ಬಿಟ್ಟುದಕ್ಕೆ ಅದು ಇನ್ನೊಂದು ಹೆಸರಷ್ಟೆ. ಆ ಮಗು ಏಕೆ ಬರಲಿಲ್ಲ? ಹೊಲದಲ್ಲಿ ಕೆಲಸವಿತ್ತೆ? ಮನೆಯಲ್ಲಿ ಕೂಸನ್ನು ಆಡಿಸುವವರಿರಲಿಲ್ಲವೆ? ಮಾಸ್ತರರ ಬೆತ್ತಕ್ಕೆ ಅಂಜಿತೆ? ಶಾಲೆಯ ನುಡಿ ಮನೆಯ ನುಡಿಯಾಗಿರಲಿಲ್ಲವೆ? ಆ ಶಬ್ದವನ್ನು ಬರೆದ ಮಾಸ್ತರರಿಗೆ ಉತ್ತರ ಬಹುಶಃ ಗೊತ್ತಿತ್ತು. ಬರೆಯಲು ಅಂಕಣದಲ್ಲಿ ಸ್ಥಳವಿರಲಿಲ್ಲ. ಬರೆಯಿರೆಂದು ಕೇಳಿದವರೂ ಇರಲಿಲ್ಲ. ಬೋಧನೆಯನ್ನು ಕುರಿತ ಸಂಶೋಧನೆ, ವಿದ್ಯಾರ್ಥಿಗಳ ಮತ್ತು ಶಿಕ್ಷಕರ ಕ್ಷೇಮ ಎಂಬ ಮಾತುಗಳು ಈಗ ಶಿಕ್ಷಣ ಕ್ಷೇತ್ರದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆಯಲ್ಲಿ ಈ ವಿಚಾರಣೆ ಹೇಗೆ ನಡೆದುಬಂತು, ಯಾರು ಯಾರನ್ನು ಏನೆಂದು ಕೇಳಿದರು ಎಂಬುದನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಈ ಐದೂ ತಾಲೂಕುಗಳು ಇಂದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ನೆಲವಿದು. ಕಬ್ಬು ತಂಬಾಕುಗಳ ಸೀಮೆ; ಕನ್ನಡ ಮರಾಠಿಗಳೆರಡೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಸೀಮೆ. ನೂರೈವತ್ತು ವರುಷಗಳ ಹಿಂದೆ ಇದಕ್ಕೆಲ್ಲ ಒಬ್ಬನೇ ಒಡೆಯನಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ ಕೈಯಲ್ಲಿತ್ತು. ನಿಪ್ಪಾಣಿಯಲ್ಲಿ ದೇಸಾಯರ, ಕಾಗವಾಡದಲ್ಲಿ ಪಟವರ್ಧನರ ನೆನಪು ಇನ್ನೂ ಹಸಿಯಾಗಿತ್ತು. ಹೀಗೆ ಹಂಚಿಹೋದ ನೆಲದಲ್ಲಿ ಶಾಲೆಗಳ ಕಥೆಯೂ ಹಂಚಿಹೋದದ್ದೇ.

ಶಾಲೆ ಎಂಬ ಶಬ್ದ ರೂಢಿಗೆ ಬರುವ ಮೊದಲು ನಮ್ಮಲ್ಲಿ ಇದ್ದುದು 'ಮಠ'. ಅಲ್ಲಿ ಕಲಿಸುವವರು ಐಗಳು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮಗ್ಗಿಗಳನ್ನು ಒಕ್ಕೊರಲಿನಿಂದ ಒಪ್ಪಿಸುವುದು, ಲೆಕ್ಕ ಮತ್ತು ಓಲೆ ಬರೆಯುವ ಮಟ್ಟಿಗೆ ವಿದ್ಯೆ, ಇಷ್ಟು ಅದರ ವ್ಯಾಪ್ತಿ. ತಪ್ಪಿದ ಹುಡುಗನಿಗೆ ಕೋದಂಡವೂ ಇತ್ತು. ಐಗಳ ಹೊಟ್ಟೆ ತುಂಬುತ್ತಿದ್ದುದು ಊರವರು ಕೊಟ್ಟ ಕಾಳುಕಡಿಯಿಂದ. ಮುಂಬಯಿ ಸರಕಾರವು 1829ರ ಹೊತ್ತಿಗೆ ತನ್ನ ಇಲಾಖೆಯ ದೇಶೀ ಶಾಲೆಗಳನ್ನು ಎಣಿಸಿತು. 1,705 ಶಾಲೆಗಳು, 35,143 ಮಕ್ಕಳು ಎಂದು ಲೆಕ್ಕ ಸಿಕ್ಕಿತು. ಕಲಿಕೆಯನ್ನು ಕುರಿತ ಸರಕಾರೀ ವಿಚಾರಣೆ ನಮ್ಮಲ್ಲಿ ಹೀಗೆ ಎಣಿಕೆಯಿಂದ ಆರಂಭವಾಯಿತು. ಎಣಿಕೆ ಬೇಡವೆಂದಲ್ಲ, ಆದರೆ ಎಣಿಸುವ ಅಭ್ಯಾಸ ಒಮ್ಮೆ ಬಂದರೆ ಎಣಿಕೆಗೆ ಸಿಗದ ಸಂಗತಿಗಳು ಮೆಲ್ಲಗೆ ಕಣ್ಮರೆಯಾಗುತ್ತವೆ.

ಎಣಿಸುವುದರ ಬದಲು ಕಣ್ಣಿಟ್ಟು ನೋಡಿದ ಮೊದಲಿಗರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ಹೇಳಬೇಕು. 1834ರಲ್ಲಿ ಧಾರವಾಡದಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಪುಣ್ಯಪುರುಷನು ಬದುಕಿದ್ದು ನಲವತ್ತಾರು ವರುಷ ಮಾತ್ರ. ಶಿಕ್ಷಣ ಖಾತೆಯ ಅಧಿಕಾರಿಯಾಗಿ ಬೆಳಗಾವಿ ಜಿಲ್ಲೆಗೆ ಬಂದಾಗ ಆತನಿಗೆ ಕಂಡದ್ದು ವಿಚಿತ್ರವಾದ ನೋಟ. ಮಕ್ಕಳು ಕನ್ನಡದವರು, ತಾಯಂದಿರು ಕನ್ನಡದವರು, ಶಾಲೆ ಮಾತ್ರ ಮರಾಠಿಯದು. ಅರ್ಥವಾಗದ ನುಡಿಯಲ್ಲಿ ಪಾಠ ಒಪ್ಪಿಸುವ ಮಗುವಿನ ಮುಖವನ್ನು ಯಾವ ತಖ್ತೆಯಲ್ಲಿ ತುಂಬಿಸುವುದು? ಚನ್ನಬಸಪ್ಪನವರು ಊರೂರಿನಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಇದನ್ನು ನಾವು ಸಾಮಾನ್ಯವಾಗಿ ಕನ್ನಡಾಭಿಮಾನದ ಕಥೆಯಾಗಿ ಹೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಮೊದಲು ಮಕ್ಕಳ ಕ್ಷೇಮದ ಕಥೆ. ಮಗುವಿಗೆ ಶಾಲೆಯಲ್ಲಿ ಉಸಿರು ಕಟ್ಟುತ್ತಿರುವುದನ್ನು ಒಬ್ಬ ಅಧಿಕಾರಿ ಗುರುತಿಸಿದ್ದರ ಕಥೆ.

ಆತನ ಇನ್ನೊಂದು ಕೆಲಸ ಇದಕ್ಕಿಂತ ಕಡಿಮೆ ಪ್ರಸಿದ್ಧವಾದದ್ದು. 1865ರಲ್ಲಿ ಬೆಳಗಾವಿಯಿಂದ 'ಮಠಪತ್ರಿಕೆ' ಹೊರಟಿತು. ಶಾಲೆಗೆ ಮಠವೆಂದೇ ಜನ ಕರೆಯುತ್ತಿದ್ದ ಕಾಲವಾದ್ದರಿಂದ ಆ ಹೆಸರು. ಮಾಸ್ತರರಿಗೆಂದೇ ಹುಟ್ಟಿದ ಪತ್ರಿಕೆ ಅದು. ಕಾಲಕಾಲಕ್ಕೆ ಹೆಸರು ಬದಲಿಸುತ್ತ ಬಂದು ಅದು ಧಾರವಾಡದ 'ಜೀವನ ಶಿಕ್ಷಣ'ವಾಯಿತು. ಹಳ್ಳಿಯ ಮಾಸ್ತರನೂ ತನ್ನ ಕಸುಬನ್ನು ಕುರಿತು ಓದತಕ್ಕವನು, ವಿಚಾರಿಸತಕ್ಕವನು ಎಂಬ ಗೌರವ ಆ ಪತ್ರಿಕೆಯ ಹುಟ್ಟಿನಲ್ಲಿಯೇ ಇದೆ. ಶಿಕ್ಷಕನೇ ಸಂಶೋಧಕನಾಗಬೇಕೆಂದು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಗ್ರಂಥ ಬರೆದದ್ದು 1975ರಲ್ಲಿ. ಆ ವಿಚಾರದ ಬೀಜಕ್ಕೆ ಬೇಕಾದ ಮಡಿಯೊಂದು ನಮ್ಮಲ್ಲಿ ನೂರಹತ್ತು ವರುಷ ಮೊದಲೇ ಸಿದ್ಧವಾಗಿತ್ತೆಂದರೆ ಅತಿಶಯೋಕ್ತಿಯಾಗದು.

ಆದರೆ ಅದೇ ಕಾಲಕ್ಕೆ ಇನ್ನೊಂದು ಗಾಳಿಯೂ ಬೀಸತೊಡಗಿತು. 1862ರಲ್ಲಿ ಇಂಗ್ಲೆಂಡಿನಲ್ಲಿ, ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರೆ ಅಷ್ಟು ಅನುದಾನ ಎಂಬ ಪದ್ಧತಿ ಜಾರಿಗೆ ಬಂತು. ಕೆಲವೇ ವರುಷಗಳಲ್ಲಿ ಅದು ಮುಂಬಯಿ ಇಲಾಖೆಯ ಅನುದಾನದ ನಿಯಮಗಳಲ್ಲಿಯೂ ಸೇರಿತು. ಇನ್ಸ್‌ಪೆಕ್ಟರರು ಬರುವರು, ಒಂದೊಂದೇ ಮಗುವನ್ನು ನಿಲ್ಲಿಸಿ ಓದು, ಬರಹ, ಲೆಕ್ಕ ಕೇಳುವರು; ಅದರ ಮೇಲೆ ಶಾಲೆಯ ಹಣ ನಿಲ್ಲುವುದು. ಮಗುವಿನ ಬಾಯಲ್ಲಿ ಮಾಸ್ತರನ ರೊಟ್ಟಿ! ಹೀಗಾದಾಗ ಇಬ್ಬರಿಗೂ ಸುಖವಿರುವುದು ಸಾಧ್ಯವೆ? ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತನಾದ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್ ಮೂವತ್ತೈದು ವರುಷ ಶಾಲಾ ಇನ್ಸ್‌ಪೆಕ್ಟರನಾಗಿದ್ದವನು. ಈ ಪದ್ಧತಿಯಿಂದ ಬೋಧನೆ ಯಾಂತ್ರಿಕವಾಗುತ್ತದೆಂದು ತನ್ನ ವರದಿಗಳಲ್ಲಿ ಪದೇ ಪದೇ ವಿರೋಧಿಸಿದನು. ಇಂಗ್ಲೆಂಡು 1890ರ ದಶಕದಲ್ಲಿಯೂ ಭಾರತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅದನ್ನು ಕೈಬಿಟ್ಟವು. ನಿಯಮ ಹೋಯಿತು, ಅದು ಹುಟ್ಟಿಸಿದ ಅಂಜಿಕೆ ಅಷ್ಟು ಸುಲಭವಾಗಿ ಹೋಗಲಿಲ್ಲ.

ಶಾಲೆಯ ಬಾಗಿಲಿಗೇ ಬರಲಾಗದ ಮಕ್ಕಳ ಮಾತು ಬೇರೆ. ಅವರಿಗಾಗಿ ದನಿಯೆತ್ತಿದ ಗೋಪಾಲಕೃಷ್ಣ ಗೋಖಲೆಯವರು ನಿಪ್ಪಾಣಿಯ ನೆರೆಯ ಕಾಗಲದಲ್ಲಿ ಓದಿ ಬೆಳೆದವರು, ವೃತ್ತಿಯಿಂದ ಅಧ್ಯಾಪಕರು. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಅವರು 1911ರಲ್ಲಿ ತಂದ ಮಸೂದೆ ಮರುವರುಷ ಬಿದ್ದುಹೋಯಿತು. ಅದೇ ಸೀಮೆಯ ಒಡೆಯರಾದ ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಉಚಿತ ಕಡ್ಡಾಯ ಶಿಕ್ಷಣವನ್ನು ಘೋಷಿಸಿದರು. ಅದಕ್ಕೂ ಮೊದಲೇ, 1901ರಿಂದ, ಕೊಲ್ಲಾಪುರದಲ್ಲಿ ಒಂದೊಂದು ಸಮಾಜದ ಬಡ ಹುಡುಗರಿಗೂ ವಸತಿಗೃಹಗಳು ಏಳುತ್ತ ಬಂದಿದ್ದವು. ಹಸಿದ ಹೊಟ್ಟೆಗೆ, ನೆಲೆಯಿಲ್ಲದ ತಲೆಗೆ ಪಾಠ ಹತ್ತದು ಎಂಬುದನ್ನು ಅರಿಯಲು ಅವರಿಗೆ ಯಾವ ಸಮೀಕ್ಷೆಯೂ ಬೇಕಾಗಲಿಲ್ಲ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತದ ಪ್ರಾಧ್ಯಾಪಕರಾಗಿ ಲೋಕವಿಖ್ಯಾತರಾದರು. ಹಳ್ಳಿಯಿಂದ ಹೊರಟ ಮಗುವಿಗೆ ದಾರಿಯಲ್ಲಿ ಊಟ, ನೆರಳು, ಪುಸ್ತಕ ಸಿಕ್ಕರೆ ಎಷ್ಟು ದೂರ ನಡೆಯಬಲ್ಲದು ಎಂಬುದನ್ನು ಆ ತಲೆಮಾರಿನ ಬದುಕುಗಳೇ ಹೇಳುತ್ತವೆ.

ಇತ್ತ ಬೆಳಗಾವಿಯಲ್ಲಿ 1916ರ ನವೆಂಬರ 13ರಂದು ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದ ಏಳು ಮಂದಿಯನ್ನು ಜನ ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತಾರೆ. ಬಸವನಾಳ, ಸಾಖರೆ, ಹಂಚಿನಾಳ, ಮಮದಾಪುರ, ಕಟ್ಟೀಮನಿ, ಪಂಡಿತಪ್ಪ ಚಿಕ್ಕೋಡಿ ಮೊದಲಾದವರು. ಮಾಸ್ತರಿಕೆಯನ್ನೇ ವ್ರತವಾಗಿ ಹಿಡಿದು ಅಲ್ಪ ಸಂಬಳಕ್ಕೆ ಆಜೀವ ಸೇವೆಯ ಪಣ ತೊಟ್ಟವರು. ತ್ಯಾಗವನ್ನು ಹೊಗಳುವುದು ಉಚಿತವೇ. ಆದರೆ ಇಲ್ಲಿ ಒಂದು ಎಚ್ಚರವೂ ಬೇಕು. ಏಳು ಮಂದಿ ತಾವಾಗಿ ತೊಟ್ಟ ವ್ರತವನ್ನು ಸಮಾಜವು ಮುಂದಿನ ಸಾವಿರಾರು ಮಾಸ್ತರರ ಮೇಲೆ ಹೇರಿತು. ಗುರುವೆಂದು ಕೈಮುಗಿದು ಸಂಬಳಕ್ಕೆ ಕೈ ಬಿಗಿಹಿಡಿಯುವುದು ನಮ್ಮ ಹಳೆಯ ಚಾಳಿ. ಅನೇಕ ಹಳ್ಳಿಗಳಲ್ಲಿ ಟಪಾಲು ಪೆಟ್ಟಿಗೆಯೂ ಮಾಸ್ತರನ ಪಾಲಿಗೇ, ಖಾನೇಸುಮಾರಿಯೂ ಮಾಸ್ತರನ ಪಾಲಿಗೇ, ಊರ ಜಗಳದ ಅರ್ಜಿಯೂ ಮಾಸ್ತರನ ಪಾಲಿಗೇ.

ಮಕ್ಕಳು ಶಾಲೆ ಬಿಡುವ ಸಂಗತಿಗೆ ಸರಕಾರೀ ಭಾಷೆಯಲ್ಲಿ ಹೆಸರು ಬಂದದ್ದು 1929ರ ಹಾರ್ಟಾಗ್ ಸಮಿತಿಯ ವರದಿಯಿಂದ. ನಡುವೆ ಶಾಲೆ ಬಿಟ್ಟರೆ ಅದು 'ಅಪವ್ಯಯ'; ಒಂದೇ ಇಯತ್ತೆಯಲ್ಲಿ ಮತ್ತೆ ಮತ್ತೆ ಕುಳಿತರೆ ಅದು 'ಸ್ಥಗಿತತೆ'. ಖರ್ಚು ಮಾಡಿದ ಹಣದ ಕಡೆಯಿಂದ ನೋಡಿದಾಗ ಹುಟ್ಟುವ ಶಬ್ದಗಳಿವು. ಪುಣೆಯ ಗೋಖಲೆ ಸಂಸ್ಥೆಯ ಧನಂಜಯರಾವ ಗಾಡಗೀಳ ಮತ್ತು ವಿ. ಎಂ. ದಾಂಡೇಕರರು ನಮಗೆ ದೂರವಲ್ಲದ ಸಾತಾರಾ ಜಿಲ್ಲೆಯ ಪ್ರಾಥಮಿಕ ಶಿಕ್ಷಣವನ್ನು ಪರಿಶೀಲಿಸಿ 1955ರಲ್ಲಿ ಗ್ರಂಥ ಪ್ರಕಟಿಸಿದರು. ಎಷ್ಟು ಮಕ್ಕಳು ನಡುವೆ ಬಿಡುತ್ತಾರೆ, ಬಿಟ್ಟವರಲ್ಲಿ ಕಲಿತ ಅಕ್ಷರ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಹಳ್ಳಿಗಳಿಗೇ ಹೋಗಿ ಕೇಳಿದ ಅಧ್ಯಯನವದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಅಲ್ಲಿಯ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿ, ಮುಂದೆ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾದ ಜೆ. ಪಿ. ನಾಯಿಕರು ಏಕೋಪಾಧ್ಯಾಯ ಶಾಲೆಯನ್ನು ಕುರಿತೇ 1953ರಲ್ಲಿ ಒಂದು ಪುಸ್ತಕ ಬರೆದರು. ಒಬ್ಬನೇ ಮಾಸ್ತರನಿರುವ ಶಾಲೆ ಅವರ ಕಣ್ಣಿಗೆ ನಾಚಿಕೆಯ ವಸ್ತುವಾಗಿರಲಿಲ್ಲ. ಅದಕ್ಕೆ ತಕ್ಕ ಬೋಧನಾಕ್ರಮವನ್ನು ಹುಡುಕಬೇಕಾದ ಒಂದು ವಾಸ್ತವವಾಗಿತ್ತು. ಅಂಥ ಶಾಲೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಅಥಣಿ ಕಡೆಯ ಹಿರಿಯರೊಬ್ಬರು ನನ್ನೊಡನೆ ಆಡಿದ ಮಾತು ನೆನಪಿದೆ: "ನಾಕೂ ಇಯತ್ತೆಕ್ಕ ನಾ ಒಬ್ಬಾಂವ. ನನಗ ಜ್ವರಾ ಬಂದ್ರ ಊರ ಸಾಲೀಗೇ ಜ್ವರಾ ಬಂದಾಂಗ." ಶಿಕ್ಷಕನ ಕ್ಷೇಮಕ್ಕೂ ಮಕ್ಕಳ ಕ್ಷೇಮಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ್ದನ್ನು ನಾನು ಬೇರೆಡೆ ಕಂಡಿಲ್ಲ.

ಆಯೋಗಗಳು ಹೊರಗಿನಿಂದ ನೋಡಿದ್ದನ್ನು ಒಳಗಿನಿಂದ ನೋಡಿ ಬರೆದವರು ನಮ್ಮ ಸೀಮೆಯಲ್ಲಿ ಒಬ್ಬರಿದ್ದರು. ಅಂದು ಅಥಣಿ ತಾಲೂಕಿಗೆ ಸೇರಿದ್ದ, ಇಂದು ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳದ ಮಿರ್ಜಿ ಅಣ್ಣಾರಾಯರು. 1918ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಂಡ ಅವರು ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕರು. 'ನಿಸರ್ಗ'ದ ಮೂಲಕ ಕೃಷ್ಣಾತೀರದ ಆಡುನುಡಿಯನ್ನು ಕಾದಂಬರಿಯ ಭಾಷೆಯಾಗಿಸಿದ ಅವರು 'ರಾಮಣ್ಣ ಮಾಸ್ತರ' ಎಂಬ ಕಾದಂಬರಿಯನ್ನೂ ಬರೆದರು. ನಮ್ಮ ಸಾಹಿತ್ಯ ಚರಿತ್ರೆಗಳು ಇದನ್ನು ಪ್ರಾದೇಶಿಕ ಕಾದಂಬರಿಗಳ ಸಾಲಿನಲ್ಲಿಟ್ಟು ಮುಂದೆ ಸಾಗುತ್ತವೆ. ಆದರೆ ಬೋಧನೆಯ ಚರಿತ್ರೆ ಬರೆಯುವವನಿಗೆ ಅದು ಬೇರೊಂದು ಬಗೆಯ ದಾಖಲೆ. ರಜಿಸ್ಟರಿನ ಇಕ್ಕಟ್ಟಾದ ಅಂಕಣವನ್ನು ದಿನವೂ ತುಂಬುತ್ತಿದ್ದ ವರ್ಗದ ಒಬ್ಬನು ತನ್ನವರ ಬಾಳನ್ನು ತಾನೇ ಬರೆದದ್ದು. ಗುಜರಾತದಲ್ಲಿ ಗಿಜುಭಾಯಿ ಬಧೇಕಾ ಅವರು ತಮ್ಮ 'ದಿವಾಸ್ವಪ್ನ'ದಲ್ಲಿ ಮಾಸ್ತರನೊಬ್ಬನ ಪ್ರಯೋಗಗಳನ್ನು ಕಥೆಯಾಗಿ ಹೇಳಿದರಷ್ಟೆ. ನಮ್ಮ ಅಣ್ಣಾರಾಯರನ್ನು ಅಧ್ಯಾಪಕ ತರಬೇತಿಯ ಪಠ್ಯಗಳಲ್ಲಿ ಅದೇ ಆದರದಿಂದ ಓದಿಸಿದರೆ ಆಗುವ ಲಾಭ ಸಣ್ಣದಲ್ಲ.

1956ರ ನವೆಂಬರ ಒಂದರಂದು ಈ ಸೀಮೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರುಷದ ಸಂವಿಧಾನ ತಿದ್ದುಪಡಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು 350-ಎ ವಿಧಿಯಲ್ಲಿ ಹೇಳಿತು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ, ಗಡಿಯಾಚೆಯ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳನ್ನು ಕರ್ನಾಟಕಕ್ಕೂ ಹೇಳಿತು, ಯಾವುದೂ ಅಲುಗಲಿಲ್ಲ. ದೊಡ್ಡವರ ವಾದವಿವಾದ ಇಂದಿಗೂ ಮುಗಿದಿಲ್ಲ. ಅದರ ನಡುವೆ ಮಗು ದಿನವೂ ಶಾಲೆಗೆ ಹೋಗಬೇಕಷ್ಟೆ. ನಿಪ್ಪಾಣಿಯ ಹುಡುಗ ಊರಿಗೆ ಹೊಂದಿಕೊಂಡೇ ಇ‌ರುವ ಅರ್ಜುನನಗರದ ದೇವಚಂದ ಕಾಲೇಜಿಗೆ ಹೋದರೆ ರಾಜ್ಯವೇ ಬದಲಾಗುತ್ತದೆ, ವಿಶ್ವವಿದ್ಯಾಲಯವೂ ಬದಲಾಗುತ್ತದೆ. ಚನ್ನಬಸಪ್ಪನವರು ಕನ್ನಡದ ಮಗುವಿನ ವಿಷಯದಲ್ಲಿ ಕಂಡ ಸತ್ಯ ಮರಾಠಿ ಮನೆಯ ಮಗುವಿಗೂ, ಜತ್ತದ ಕನ್ನಡ ಮಗುವಿಗೂ ಒಂದೇ ತೂಕದಲ್ಲಿ ಸಲ್ಲಬೇಕು. ಅದನ್ನು ಒಪ್ಪದವರು ಚನ್ನಬಸಪ್ಪನವರ ಹೆಸರು ಹೇಳುವುದು ತರವಲ್ಲ.

ಮೂವತ್ತು ವರುಷ ಈ ಸೀಮೆಯಲ್ಲಿ ಕನ್ನಡ ಕಲಿಸಿದವನು ನಾನು. ಪದವಿಯ ಮೊದಲ ವರುಷದ ವಿದ್ಯಾರ್ಥಿಗಳಿಗೆ 'ನಾನು ಮರೆಯಲಾರದ ಶಿಕ್ಷಕರು' ಎಂಬ ಪ್ರಬಂಧ ಬರೆಯಿಸುವುದು ನನ್ನ ವಾಡಿಕೆಯಾಗಿತ್ತು. ಅಂಕ ಕೊಡಿಸಿದ ಮಾಸ್ತರರ ಹೆಸರು ಆ ಬರಹಗಳಲ್ಲಿ ಅಪರೂಪ. "ಉಂಡ ಬಂದೀಯೇನಪಾ" ಎಂದು ಕೇಳಿದವರು, ಹರಿದ ಅಂಗಿಯನ್ನು ಕಂಡೂ ಕಾಣದಂತಿದ್ದವರು, ಅಪ್ಪ ತೀರಿಕೊಂಡ ವಾರ ಮನೆಗೆ ಬಂದು ಕುಳಿತವರು, ಇವರೇ ಹೆಚ್ಚು. ಮರಾಠಿ ಮನೆಯ ಹುಡುಗನೊಬ್ಬ ತನ್ನ ಮಾಸ್ತರರು ತನ್ನ ಕನ್ನಡಕ್ಕೆ ಒಂದು ಸಲವೂ ನಗಲಿಲ್ಲವೆಂದು ಬರೆದಿದ್ದ. ನಿಪ್ಪಾಣಿಯ ಹುಡುಗಿಯೊಬ್ಬಳು, ತಾಯಿ ತಂಬಾಕಿನ ವಖಾರಕ್ಕೆ ಹೋದಾಗ ತಾನು ತಮ್ಮನನ್ನು ಕಂಕುಳಲ್ಲಿರಿಸಿಕೊಂಡು ಬಂದರೂ ಅಕ್ಕೋರು ಒಳಗೆ ಕರೆದು ಕೂರಿಸಿದರೆಂದು ಬರೆದಿದ್ದಳು. ಆ ಅಕ್ಕೋರು ನಿಯಮವನ್ನು ಹಿಡಿದು ಬಾಗಿಲಲ್ಲೇ ನಿಲ್ಲಿಸಿದ್ದರೆ ರಜಿಸ್ಟರಿನಲ್ಲಿ 'ಗೈರುಹಾಜರಿ' ಎಂಬ ಒಂದು ಶಬ್ದ ಹೆಚ್ಚುತ್ತಿತ್ತು. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕಡಿಮೆಯಾಗುತ್ತಿದ್ದಳು.

ಈಚಿನ ದಶಕಗಳಲ್ಲಿ ಆದ ಒಳ್ಳೆಯದನ್ನು ಹೇಳದಿದ್ದರೆ ಅನ್ಯಾಯವಾದೀತು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿ 1976ರ ಕಾಯಿದೆಯಿಂದ ಬಂತು. ಆ ಮನೆಗಳ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯಿತು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಮೊದಲು ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಕೋಲಾರ, ಮಂಡ್ಯ, ರಾಯಚೂರು ಉಳಿದವು. ಹೆಣ್ಣುಮಕ್ಕಳ ಅಕ್ಷರಸ್ಥಿತಿ ಹಿಂದುಳಿದ ಜಿಲ್ಲೆಗಳನ್ನು ಆರಿಸುವುದು ಅದರ ಕ್ರಮ. ಮಕ್ಕಳು ನಿಜವಾಗಿ ಎಷ್ಟು ಕಲಿತಿದ್ದಾರೆಂದು ಮೊದಲೇ ಅಳೆದು ನೋಡಿದ ಯೋಜನೆಯದು. ಅದರಿಂದ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. ಸುತ್ತಲಿನ ಹಳ್ಳಿಗಳ ಶಿಕ್ಷಕರು ಒಂದೆಡೆ ಕೂಡಿ ಪಾಠದ ತೊಡಕುಗಳನ್ನು ಮಾತಾಡುವ ಸಮಾಲೋಚನಾ ಸಭೆಗಳು ನಡೆದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕಾರ್ಡುಗಳನ್ನು ರಚಿಸಿ ಕಟ್ಟಿದ 'ನಲಿ-ಕಲಿ' 2009ರಲ್ಲಿ ರಾಜ್ಯವನ್ನೆಲ್ಲ ಹಬ್ಬಿತು. 2003ರಲ್ಲಿ ಮಧ್ಯಾಹ್ನದ ಬಿಸಿಯೂಟ ನಮ್ಮ ಜಿಲ್ಲೆಗೂ ಬಂತು. ಮಗುವನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿತು. ಕೋದಂಡದ ಕಾಲದಿಂದ ಇಲ್ಲಿಯವರೆಗಿನ ದಾರಿ ಸಣ್ಣದಲ್ಲ.

ಆದರೂ ಆ ಹಳೆಯ ಅಂಜಿಕೆ ಹೊಸ ವೇಷದಲ್ಲಿ ಬಂದಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ 2018ರಲ್ಲಿ ಚಿಕ್ಕೋಡಿ ಶೇಕಡಾ 87ರಷ್ಟು ಫಲಿತಾಂಶದೊಡನೆ ರಾಜ್ಯಕ್ಕೇ ಮೂರನೆಯದಾಗಿ ನಿಂತಿತು. ಉಡುಪಿ, ಉತ್ತರ ಕನ್ನಡಗಳ ನಂತರ ನಾವೇ. ಊರಿಗೆಲ್ಲ ಹೆಮ್ಮೆಯಾಯಿತು, ನನಗೂ ಆಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾದ ಕಣ್ಗಾವಲು ಬಂದಾಗ ರಾಜ್ಯದ ಒಟ್ಟು ಫಲಿತಾಂಶವೇ ಹಿಂದಿನ ವರುಷದ ಶೇಕಡಾ 83.89ರಿಂದ, ಕೃಪಾಂಕ ಕೊಟ್ಟ ಮೇಲೂ, 73.40ಕ್ಕೆ ಇಳಿಯಿತು. ಏರಿದಾಗ ಸನ್ಮಾನ, ಇಳಿದಾಗ ನೋಟೀಸು. ಏರಿದ್ದೇಕೆ, ಇಳಿದದ್ದೇಕೆ ಎಂದು ಶಿಕ್ಷಕರನ್ನು ಕೂರಿಸಿಕೊಂಡು ಕೇಳುವ ತಾಳ್ಮೆ ಎರಡೂ ಸಲ ಕಡಿಮೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಈ ಐದೂ ತಾಲೂಕುಗಳ ನದೀತೀರದ ಊರುಗಳು ನೀರಿನಲ್ಲಿ ನಿಂತವು. ಶಾಲೆಗಳೇ ನಿರಾಶ್ರಿತರ ಮನೆಗಳಾದವು, ಮಾಸ್ತರರೇ ಊಟ ಬಡಿಸಿದರು. 2021ರಲ್ಲಿ ಮತ್ತೆ ನೀರು ಬಂತು. ಆ ಹೊತ್ತಿಗೆ ಮಹಾಮಾರಿಯ ಕಾಲದಲ್ಲಿ ಶಾಲೆಯ ಬಾಗಿಲೂ ಮುಚ್ಚಿತ್ತು. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಗಳ ಬೆನ್ನಿಗೆ ಬರುವ ಮಕ್ಕಳು ಇಂದಿಗೂ ಇದ್ದಾರೆ. ಮನೆ ಮುಳುಗಿದ ಮಗುವಿನ ಅಂಕವನ್ನು ಮನೆ ನಿಂತ ಮಗುವಿನ ಅಂಕದೊಡನೆ ಒಂದೇ ತಕ್ಕಡಿಯಲ್ಲಿ ತೂಗಿ ಶೇಕಡಾವಾರು ತೆಗೆದರೆ ಅದರಿಂದ ಸತ್ಯ ತಿಳಿಯುವುದೆ?

ಬೋಧನೆಯ ಸಂಶೋಧನೆಗೆ ದೊಡ್ಡ ಉಪಕರಣಗಳು ಬೇಕೆಂದು ನನಗನಿಸಿಲ್ಲ. ತರಗತಿಯಲ್ಲಿ ನಿಂತವನು ಕಂಡದ್ದನ್ನು ಬರೆಯುವುದು, ಬರೆದದ್ದನ್ನು ಪಕ್ಕದೂರಿನವನೊಡನೆ ಮಾತಾಡುವುದು, ಮೇಲಿನವರು ಅದನ್ನು ಅಂಜಿಕೆ ಹುಟ್ಟಿಸದೆ ಓದುವುದು, ಇಷ್ಟಾದರೆ ಅರ್ಧ ಕೆಲಸವಾಯಿತು. ನಮ್ಮ ಕಾಲೇಜುಗಳ ಕನ್ನಡ ವಿಭಾಗದವರು ಶಾಸನ, ಜಾನಪದಗಳನ್ನು ಸಂಗ್ರಹಿಸಿದಷ್ಟೇ ಆಸ್ಥೆಯಿಂದ ಹಳೆಯ ಶಾಲೆಗಳ ರಜಿಸ್ಟರುಗಳನ್ನೂ ಇನ್ಸ್‌ಪೆಕ್ಟರರು ಷರಾ ಬರೆದ ಪುಸ್ತಕಗಳನ್ನೂ ಸಂಗ್ರಹಿಸಬೇಕು. ನದೀತೀರದ ಊರುಗಳಲ್ಲಿ ಇದು ತುರ್ತಿನ ಕೆಲಸ. ಇನ್ನೊಂದು ಮಹಾಪೂರಕ್ಕೆ ಅವು ಉಳಿಯಲಾರವು. ಅದಕ್ಕಿಂತ ತುರ್ತಾದದ್ದು, ಅವುಗಳಲ್ಲಿ ಒಂದು ಶಬ್ದ ಬರೆದು ನೂರು ಸಂಗತಿ ಮನಸ್ಸಿನಲ್ಲಿಟ್ಟುಕೊಂಡ ಹಿರಿಯ ಶಿಕ್ಷಕ ಶಿಕ್ಷಕಿಯರನ್ನು ಅವರಿರುವಾಗಲೇ ಕೇಳಿ ಬರೆದುಕೊಳ್ಳುವುದು. ಚಿಕ್ಕೋಡಿಯಲ್ಲಿಯೋ ಅಥಣಿಯಲ್ಲಿಯೋ ಇರುವ ತಮ್ಮ ನೆರೆಮನೆಯಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಈ ವಾರವೇ ಅವರ ಮನೆಗೆ ಹೋಗಿ ಕುಳಿತುಕೊಳ್ಳಬಹುದಲ್ಲವೆ?

(ಆಕಾಶವಾಣಿಯ ಕೃಪೆಯಿಂದ)